ರಜೆಯಲ್ಲಿ ಕೆಲಸಾನಾ, ಹವ್ಯಾಸಾನಾ?

ಪರೀಕ್ಷೆ ಮುಗಿಸಿ, ಹಾಸ್ಟೆಲ್ ರೂಮು ಖಾಲಿ ಮಾಡಿ ಮನೆ ಸೇರಿದವರ ಪತ್ರಗಳೇ ಈ ಸಲ ಜಾಸ್ತಿ. ಬೇಸಿಗೆ ರಜೆಯಲ್ಲಿ ದುಡಿಯಬೇಕಾ, ಇಷ್ಟದ್ದೇನಾದರೂ ಕಲಿಯಬೇಕಾ, ಇಲ್ಲಾ ಸುಮ್ನೆ ಮಲಗಿಬಿಡಬೇಕಾ ಅನ್ನೋದು ಹೆಚ್ಚಿನವರ ಗೊಂದಲ. ಮೊದಲ ಪತ್ರಕ್ಕೆ ಉದ್ದವಾಗಿಯೇ ಉತ್ತರ ಬರೆದಿದ್ದೇನೆ. ಉಳಿದ ಹಲವರ ಪ್ರಶ್ನೆಯೂ ಅದರೊಳಗೇ ಇದೆ.

ಪ್ರಶ್ನೆ: ಮೇಡಂ, ನಾನು ಪದವಿಯ ಎರಡನೇ ವರ್ಷ ಮುಗಿಸಿದ್ದೇನೆ. ಈಗ ಎರಡೂವರೆ ತಿಂಗಳು ರಜೆ. ಎಲ್ಲಾದರೂ ಪಾರ್ಟ್‌ಟೈಮ್ ಕೆಲಸಕ್ಕೆ ಸೇರು ಅಂತ ಮನೆಯಲ್ಲಿ ದಿನಾ ಹೇಳುತ್ತಾರೆ. ನನಗೆ ಗಿಟಾರ್ ಕಲಿಯಬೇಕು, ಚಿತ್ರ ಬಿಡಿಸಬೇಕು, ಹೊಸ ಭಾಷೆಯೊಂದನ್ನು ಕಲಿಯಬೇಕು, ವಿಡಿಯೋ ಎಡಿಟಿಂಗ್ ಕೂಡ ಮಾಡಬೇಕು ಅಂತ ಆಸೆ. ಹೋದ ವರ್ಷ ಕೆಲಸಕ್ಕೆ ಹೋಗದೆ ಇದೇ ಪಟ್ಟಿ ಹಿಡಿದು ಕೂತಿದ್ದೆ. ಒಂದೂ ಆಗಲಿಲ್ಲ. ಈ ಸಲ ಕೆಲಸಕ್ಕೆ ಬೇರೆ ಹೋದರೆ ಹವ್ಯಾಸಕ್ಕೆ ಟೈಮ್ ಎಲ್ಲಿ ಸಿಗುತ್ತದೆ?
— ಪದವಿ ವಿದ್ಯಾರ್ಥಿನಿ

ಉತ್ತರ: ಸಿಗುತ್ತದೆ. ಕೆಲಸಕ್ಕೆ ಹೋದರೇ ಚೆನ್ನಾಗಿ ಸಿಗುತ್ತದೆ ಅಂತ ನಾನು ಹೇಳುತ್ತೇನೆ, ಆದರೆ ಅದು ಅರ್ಧ ದಿನದ ಕೆಲಸ ಆಗಿರಬೇಕು. ಹೋದ ವರ್ಷ ಇಡೀ ದಿನ ನಿಮ್ಮ ಕೈಯಲ್ಲೇ ಇತ್ತು, ಅಲ್ವಾ? ಬೆಳಿಗ್ಗೆ ಎದ್ದಾಗ ಮುಂದೆ ಹದಿನಾಲ್ಕು ಗಂಟೆ ಖಾಲಿ ಬಿದ್ದಿದ್ದರೆ ಗಿಟಾರನ್ನು ಈಗಲೇ ಎತ್ತಿಕೊಳ್ಳುವುದಕ್ಕೆ ಕಾರಣವೇ ಇರುವುದಿಲ್ಲ. ಇನ್ನೊಂಚೂರು ಹೊತ್ತು ಬಿಟ್ಟು ಮಾಡೋಣ ಅನ್ನಿಸುತ್ತದೆ, ಅಷ್ಟರಲ್ಲಿ ಫೋನು ಕೈಗೆ ಬರುತ್ತದೆ, ಊಟದ ಹೊತ್ತಾಗುತ್ತದೆ, ಉಂಡ ಮೇಲೆ ಕಣ್ಣು ಎಳೆಯುತ್ತದೆ, ಸಂಜೆ ಯಾರೋ ಕರೆಯುತ್ತಾರೆ, ದಿನ ಮುಗಿಯಿತು. ಮಧ್ಯಾಹ್ನ ಎರಡಕ್ಕೆ ಕೆಲಸಕ್ಕೆ ಹೊರಡಲೇಬೇಕು ಅಂತಿದ್ದಾಗ ಬೆಳಗಿನ ಹತ್ತು ಗಂಟೆಗೆ ಬೆಲೆ ಬರುತ್ತದೆ.

ಹಾಗಾಗಿ ದಿನಕ್ಕೆ ನಾಲ್ಕೈದು ಗಂಟೆ, ವಾರಕ್ಕೆ ಐದು ದಿನ ಮೀರದ ಕೆಲಸ ನೋಡಿಕೊಳ್ಳಿ. ಸೇರುವ ಮೊದಲೇ ಒಂದು ಮಾತು ಖಚಿತ ಮಾಡಿಕೊಳ್ಳಿ: ಶಿಫ್ಟ್ ಒಂದೇ ಹೊತ್ತಿಗೆ ಇರುತ್ತದಾ, ವಾರ ವಾರ ಬದಲಾಗುತ್ತದಾ? ಈ ವಾರ ಬೆಳಿಗ್ಗೆ, ಮುಂದಿನ ವಾರ ರಾತ್ರಿ ಅಂತ ಬದಲಾಗುವ ಶಿಫ್ಟಿನ ಜೊತೆ ಯಾವ ಹವ್ಯಾಸವೂ ನಿಲ್ಲುವುದಿಲ್ಲ. ಸಂಬಳ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ಹೊತ್ತು ಗೊತ್ತಿರುವ ಕೆಲಸವನ್ನೇ ಹಿಡಿಯಿರಿ.

ಇನ್ನು ನಿಮ್ಮ ಪಟ್ಟಿ. ನಾಲ್ಕರಲ್ಲಿ ಮೂರನ್ನು ಹೊಡೆದುಹಾಕಿ. ಯಾವುದನ್ನು ಉಳಿಸಿಕೊಳ್ಳುವುದು ಅಂತ ತಿಳಿಯದಿದ್ದರೆ ಪರೀಕ್ಷೆಯ ದಿನಗಳನ್ನು ನೆನಪು ಮಾಡಿಕೊಳ್ಳಿ. ಓದಬೇಕಾದ ಹೊತ್ತಿನಲ್ಲಿ ಕದ್ದುಮುಚ್ಚಿ ಏನು ಮಾಡುತ್ತಿದ್ದಿರಿ? ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮುಖ ಬಿಡಿಸುತ್ತಿದ್ದರೆ ನಿಮ್ಮದು ಚಿತ್ರ. ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರೆ ಗಿಟಾರ್. ಉಳಿದವು ಕೇಳಲು ಚೆನ್ನಾಗಿವೆ ಅಂತ ಪಟ್ಟಿಗೆ ಸೇರಿಕೊಂಡಿರುತ್ತವೆ.

ಗಿಟಾರ್ ಅಂತಲೇ ಇಟ್ಟುಕೊಳ್ಳೋಣ. ‘ಗಿಟಾರ್ ಕಲಿಯುತ್ತೇನೆ’ ಅಂದರೆ ಅದಕ್ಕೆ ಕೊನೆಯೇ ಇಲ್ಲ. ‘ಒಂದು ಹಾಡನ್ನು ಮೊದಲಿಂದ ಕೊನೆತನಕ ನಿಲ್ಲಿಸದೆ ನುಡಿಸುತ್ತೇನೆ’ ಅಂತಿಟ್ಟುಕೊಳ್ಳಿ. ಮೂರು ನಾಲ್ಕು ಕಾರ್ಡ್‌ಗಳಲ್ಲಿ ಮುಗಿಯುವ ಹಾಡುಗಳು ಬೇಕಾದಷ್ಟಿವೆ (ಒಟ್ಟಿಗೆ ಮೀಟುವ ಕೆಲವು ಸ್ವರಗಳ ಗುಂಪೇ ಕಾರ್ಡ್). ಮೊದಲ ವಾರಗಳಲ್ಲಿ ತಂತಿ ಒತ್ತಿ ಒತ್ತಿ ಎಡಗೈ ಬೆರಳ ತುದಿ ಉರಿಯುತ್ತದೆ. ಬಹಳ ಜನ ಅಲ್ಲೇ ಕೈಬಿಡುತ್ತಾರೆ. ಕೆಲವು ವಾರ ದಿನಾ ಸ್ವಲ್ಪ ಸ್ವಲ್ಪ ನುಡಿಸಿದರೆ ಆ ಚರ್ಮ ಗಟ್ಟಿಯಾಗಿ ನೋವು ತಾನಾಗಿ ಹೋಗುತ್ತದೆ. ಆಮೇಲೆ ಎದುರಾಗುವುದು ನಿಜವಾದ ಕಷ್ಟ: ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಬೆರಳು ಸರಿಸುವುದು. ಬಲಗೈ ತಾಳದಲ್ಲೇ ಇರುತ್ತದೆ, ಎಡಗೈ ತಡವರಿಸುತ್ತದೆ, ಹಾಡು ಅಲ್ಲಿ ಮುರಿಯುತ್ತದೆ. ಇದಕ್ಕೊಂದು ಸುಲಭದ ದಾರಿಯಿದೆ. ಫೋನಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು ಜಿ ಕಾರ್ಡ್‌ನಿಂದ ಸಿ ಕಾರ್ಡ್‌ಗೆ, ಅಲ್ಲಿಂದ ಮತ್ತೆ ಜಿಗೆ, ಎಷ್ಟು ಸಲ ಹೋಗಿ ಬರಲು ಆಗುತ್ತದೆ ಅಂತ ಎಣಿಸಿ. ತಂತಿ ಸರಿಯಾಗಿ ಒತ್ತಿ ದನಿ ಬಂದರೆ ಮಾತ್ರ ಲೆಕ್ಕ. ಆ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅದೇ ದಿನದ ಚೌಕದೊಳಗೆ ಬರೆಯಿರಿ. ದಿನಕ್ಕೊಂದು ಎರಡು ಹೆಚ್ಚುತ್ತಾ ಹೋಗುವುದನ್ನು ಕಣ್ಣಾರೆ ಕಂಡಾಗ ಬರುವ ಹುರುಪು ಬೇರೆ ಯಾರ ಉಪದೇಶದಿಂದಲೂ ಬರುವುದಿಲ್ಲ.

ಗಿಟಾರನ್ನು ಚೀಲದಲ್ಲಿ ಮುಚ್ಚಿ ಅಟ್ಟದ ಮೇಲಿಡಬೇಡಿ. ಕಣ್ಣಿಗೆ ಬೀಳುವಂತೆ, ಕೈಗೆ ಎಟುಕುವಂತೆ ಇಡಿ. ಅಭ್ಯಾಸ ಕೆಲಸಕ್ಕೆ ಹೋಗುವ ಮೊದಲೇ ಆಗಲಿ. ಬಂದ ಮೇಲೆ ಅಂದುಕೊಂಡರೆ ಆಗುವುದಿಲ್ಲ, ನಾಲ್ಕು ಗಂಟೆ ನಿಂತು ಬಂದ ಕಾಲು ಹಾಸಿಗೆಯನ್ನೇ ಹುಡುಕುತ್ತದೆ. ಭಾನುವಾರ ಒಟ್ಟಿಗೆ ಮೂರು ಗಂಟೆ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ಎಷ್ಟೋ ಮೇಲು.

ಎಷ್ಟು ದಿನ ಬೇಕು ಅಂತ ನೀವು ಕೇಳಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಗಾರರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 96 ಜನ ತಮಗೆ ಬೇಕಾದ ಒಂದೊಂದು ಹೊಸ ರೂಢಿಯನ್ನು ಆರಿಸಿಕೊಂಡು, ‘ತಿಂಡಿ ಆದ ಮೇಲೆ’ ಅನ್ನುವ ಥರ ದಿನದ ಯಾವುದೋ ಒಂದು ಗಳಿಗೆಗೆ ಅದನ್ನು ಕಟ್ಟಿಹಾಕಿಕೊಂಡು 12 ವಾರ ಮಾಡಿದರು. ಅದು ತಾನಾಗಿ ಆಗುವಷ್ಟು ರೂಢಿಯಾಗಲು ಸುಮಾರು 66 ದಿನ ಹಿಡಿಯಿತು. ಎಲ್ಲರಿಗೂ ಅಷ್ಟೇ ಅಂತಲ್ಲ. ಆ 12 ವಾರದ ದಾಖಲೆಯಿಂದ ಮುಂದಕ್ಕೆ ಲೆಕ್ಕ ಹಾಕಿದಾಗ 18 ದಿನದಿಂದ 254 ದಿನದವರೆಗೂ ವ್ಯತ್ಯಾಸ ಇತ್ತು. ನಡುವೆ ಒಂದು ದಿನ ತಪ್ಪಿಸಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಏನೂ ಆಗಲಿಲ್ಲ ಅನ್ನುವುದೂ ಅದರಲ್ಲೇ ಕಂಡುಬಂತು. ನಿಮ್ಮ ರಜೆ ಹತ್ತಿರ ಹತ್ತಿರ 75 ದಿನ. ಮೊದಲ ವಾರದಲ್ಲೇ ಶುರು ಮಾಡಿದರೆ ಕಾಲೇಜು ತೆರೆಯುವ ಹೊತ್ತಿಗೆ ಕೈ ಕುದುರಿರುತ್ತದೆ. ಒಂದು ದಿನ ತಪ್ಪಿತು ಅಂತ ಮೂರು ದಿನ ಬೇಜಾರಲ್ಲಿ ಕೂರಬೇಡಿ.

ಮನೆಯವರ ಜೊತೆಗೂ ಮಾತಾಡಿ. ನೀವು ಕೋಣೆಯಲ್ಲಿ ಗಿಟಾರ್ ಹಿಡಿದು ಕೂತಿದ್ದರೆ ಅವರ ಕಣ್ಣಿಗೆ ಖಾಲಿ ಇದ್ದ ಹಾಗೇ ಕಾಣುತ್ತದೆ, ಐದು ನಿಮಿಷಕ್ಕೊಮ್ಮೆ ಏನಾದರೂ ಹೇಳಿ ಕಳಿಸುತ್ತಾರೆ. ಹತ್ತರಿಂದ ಹತ್ತೂವರೆ ನನಗೆ ಬಿಡಿ, ಪಾತ್ರೆ ತೊಳೆಯುವುದೋ ಬಟ್ಟೆ ಒಗೆಯುವುದೋ ಮನೆಯ ಒಂದು ಕೆಲಸ ಪೂರ್ತಿ ನಂದು ಅಂತ ಹೇಳಿ ನೋಡಿ. ಹೇಳಿದ್ದನ್ನು ಯಾರೂ ನೆನಪಿಸದೆ ಒಂದು ವಾರ ಮಾಡಿ ತೋರಿಸಿದರೆ ಆ ಅರ್ಧ ಗಂಟೆಗೆ ಯಾರೂ ಕೈ ಹಾಕುವುದಿಲ್ಲ.

ಪ್ರಶ್ನೆ: ನನಗೆ ಕ್ರೋಶಾ ಹೆಣಿಗೆ ಅಂದರೆ ಪ್ರಾಣ. ನಾನು ಹೆಣೆದ ಚಿಕ್ಕ ಚೀಲ, ಗೊಂಬೆಗಳನ್ನು ನೋಡಿ ಗೆಳತಿಯರು ‘ಮಾರು, ರಜೆಯಲ್ಲಿ ಒಳ್ಳೆ ದುಡ್ಡಾಗುತ್ತೆ’ ಅಂದರು. ಆರ್ಡರ್ ತಗೊಂಡೆ. ಈಗ ಒಂದೇ ಥರದ ಗೊಂಬೆ ಹತ್ತು ಹೆಣೆಯಬೇಕು. ಕಡ್ಡಿ ಮುಟ್ಟುವುದಕ್ಕೇ ಬೇಜಾರಾಗುತ್ತಿದೆ. ನನ್ನಲ್ಲೇ ಏನೋ ದೋಷ ಇದೆಯಾ ಮೇಡಂ?
— ಹೆಸರು ಬೇಡ

ಉತ್ತರ: ಖಂಡಿತ ಇಲ್ಲ. ನಿಮಗೆ ಆಗಿರುವುದು ಮನುಷ್ಯರಿಗೆ ಆಗುವಂಥದ್ದೇ. ಅಮೆರಿಕದಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮೂವರು ಮನಃಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಕೇಳಿ. ಶಿಶುವಿಹಾರದಲ್ಲಿ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ’ ಅಂತ ಮೊದಲೇ ಹೇಳಿದರು, ರಿಬ್ಬನ್ ಅಂಟಿಸಿದ ಸರ್ಟಿಫಿಕೇಟು ಆ ಬಹುಮಾನ. ಇನ್ನು ಕೆಲವರಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದನ್ನೇ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ಮಕ್ಕಳ ಮುಂದೆ ಸುಮ್ನೆ ಇಟ್ಟು, ಯಾರು ಎಷ್ಟು ಹೊತ್ತು ಬಿಡಿಸುತ್ತಾರೆ ಅಂತ ನೋಡಿದರು. ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಕೂತರು. ಕೇಳದೇ ಬಹುಮಾನ ಸಿಕ್ಕಿದ್ದ ಮಕ್ಕಳ ಆಸಕ್ತಿ ಮಾತ್ರ ಹಾಗೇ ಇತ್ತು.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಆ ಎರಡನೇ ಗುಂಪು. ದುಡ್ಡಿನಿಂದ ಹವ್ಯಾಸ ಕೆಡುತ್ತದೆ ಅಂತಲ್ಲ, ‘ಇಷ್ಟು ಮಾಡಿದರೆ ಇಷ್ಟು’ ಅನ್ನುವ ಕರಾರು ಮೊದಲೇ ಬಂದು ಕೂತರೆ ಕೆಡುತ್ತದೆ. ಆದ್ದರಿಂದ ಈಗ ಒಪ್ಪಿಕೊಂಡಿರುವ ಹತ್ತನ್ನು ಮುಗಿಸಿಕೊಡಿ, ಮಾತು ಮಾತೇ. ಆಮೇಲೆ ಹೊಸ ಆರ್ಡರ್ ತಗೋಬೇಡಿ. ನಿಮಗೆ ಅನ್ನಿಸಿದ್ದನ್ನು, ಅನ್ನಿಸಿದ ಬಣ್ಣದಲ್ಲಿ ಹೆಣೆಯಿರಿ. ಹೆಣೆದದ್ದರಲ್ಲಿ ಕೊಡಬಹುದು ಅನ್ನಿಸಿದ್ದನ್ನು ಮಾತ್ರ ಮಾರಿ. ಒಂದನ್ನಂತೂ ಯಾರು ಎಷ್ಟು ಕೇಳಿದರೂ ಮಾರದೆ ನಿಮಗೇ ಇಟ್ಟುಕೊಳ್ಳಿ.

ಬೆಲೆಯ ಬಗ್ಗೆಯೂ ಒಂದು ಮಾತು. ಗೊಂಬೆ ಮಾಡುವವರು ನೂಲಿನ ಖರ್ಚನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಹೆಣೆಯಲು ಹಿಡಿದ ಹೊತ್ತು, ಒಳಗೆ ಹತ್ತಿ ತುಂಬಿ ಕೈಕಾಲು ಸೇರಿಸಿ ಹೊಲಿಯುವ ಹೊತ್ತು, ಬಿಚ್ಚಿ ಮತ್ತೆ ಹೆಣೆದ ಸಾಲುಗಳು, ಯಾವುದೂ ಆ ಲೆಕ್ಕದಲ್ಲಿ ಬರುವುದಿಲ್ಲ. ಕ್ರೋಶಾವನ್ನು ಹೆಣಿಗೆ ಯಂತ್ರ ಮಾಡಲಾರದು, ಒಂದೊಂದು ಕುಣಿಕೆಯೂ ಕೈಯಿಂದಲೇ ಆಗಬೇಕು. ಗಂಟೆಗಳನ್ನು ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ನಿಂತರೆ ಅಷ್ಟು ಗಂಟೆಗೆ ಎಷ್ಟು ಸಿಗುತ್ತದೋ ಅದಕ್ಕಿಂತ ಕಮ್ಮಿಗೆ ಕೊಡಬೇಡಿ. ಆ ಬೆಲೆಗೆ ಯಾರೂ ಕೊಳ್ಳದಿದ್ದರೆ ಒಳ್ಳೆಯದೇ ಆಯಿತು, ಹವ್ಯಾಸ ಹವ್ಯಾಸವಾಗಿಯೇ ಉಳಿಯುತ್ತದೆ.

ಪ್ರಶ್ನೆ: ಭೌತಶಾಸ್ತ್ರ ಓದುತ್ತಿದ್ದೇನೆ. ಸಹಪಾಠಿಗಳಿಗೆಲ್ಲ ಲ್ಯಾಬ್‌ಗಳಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ನನಗೆ ಸಿಗಲಿಲ್ಲ, ಸ್ಟೇಷನರಿ ಅಂಗಡಿಯ ಗಲ್ಲಾದಲ್ಲಿ ಕೂತಿದ್ದೇನೆ. ಈ ಬೇಸಿಗೆ ದಂಡವಾಯಿತು ಅನ್ನಿಸುತ್ತಿದೆ. ಇದನ್ನು ರೆಸ್ಯೂಮೆಯಲ್ಲಿ ಹಾಕಿದರೆ ನಗುತ್ತಾರಾ?
— ಬಿಎಸ್ಸಿ ವಿದ್ಯಾರ್ಥಿ

ಉತ್ತರ: ಯಾರೂ ನಗುವುದಿಲ್ಲ. ನಿಮ್ಮದೇ ವಿಷಯದ ಒಬ್ಬರನ್ನು ನೆನಪಿಸುತ್ತೇನೆ. ಮೈಕೆಲ್ ಫ್ಯಾರಡೆ 1805ರಲ್ಲಿ, 14ನೇ ವಯಸ್ಸಿಗೆ, ಲಂಡನ್ನಿನ ಪುಸ್ತಕ ಬೈಂಡಿಂಗ್ ಅಂಗಡಿಯೊಂದಕ್ಕೆ ಸೇರಿದರು. ಏಳು ವರ್ಷ ಅಲ್ಲೇ ಇದ್ದರು. ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಓದುತ್ತಿದ್ದರು. ವಿದ್ಯುತ್ತಿನ ಹುಚ್ಚು ಹತ್ತಿದ್ದು ಹಾಗೆ, ವಿಶ್ವಕೋಶವೊಂದರಲ್ಲಿದ್ದ ಬರಹ ಓದಿ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಹೆಸರಾಂತ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯವರ ಉಪನ್ಯಾಸಕ್ಕೆ ಟಿಕೆಟ್ ಕೊಟ್ಟರು. ಫ್ಯಾರಡೆ ಕೇಳಿದ್ದನ್ನೆಲ್ಲ ನೀಟಾಗಿ ಬರೆದು, ಕಲಿತ ಕಸುಬಿನಿಂದ ತಾವೇ ಬೈಂಡ್ ಹಾಕಿ ಡೇವಿಯವರಿಗೆ ಕಳಿಸಿದರು. 1813ರಲ್ಲಿ ಫ್ಯಾರಡೆಯವರಿಗೆ ಡೇವಿ ಇದ್ದ ವಿಜ್ಞಾನ ಸಂಸ್ಥೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು, ಅಂದರೆ ಬದಲಾಗುವ ಅಯಸ್ಕಾಂತ ಕ್ಷೇತ್ರದಿಂದ ವಿದ್ಯುತ್ ಹುಟ್ಟುವುದನ್ನು, ಕಂಡುಕೊಂಡದ್ದು ಇದೇ ಬೈಂಡಿಂಗ್ ಹುಡುಗ. ಗಿರಾಕಿ ಸಿಕ್ಕಿದ್ದೂ ಅಂಗಡಿಯಲ್ಲೇ, ಬೈಂಡ್ ಹಾಕಲು ಕಲಿತದ್ದೂ ಅಂಗಡಿಯಲ್ಲೇ.

ರೆಸ್ಯೂಮೆಯಲ್ಲಿ ಬರಿ ‘ಅಂಗಡಿಯಲ್ಲಿ ಕೆಲಸ’ ಅಂತ ಹಾಕಬೇಡಿ. ಮಾಡಿದ್ದನ್ನು ಹಾಕಿ. ರಾತ್ರಿ ಗಲ್ಲಾ ಮುಚ್ಚುವಾಗ ನೋಟುಗಳನ್ನು ಬೇರೆ ಬೇರೆ ಮಾಡಿ ಎಣಿಸಿ, ಬಿಲ್ಲಿನ ಮೊತ್ತಕ್ಕೆ ತಾಳೆ ನೋಡಿ, ವ್ಯತ್ಯಾಸ ಬಂದರೆ ಯಾವ ಬಿಲ್ಲಿನಲ್ಲಿ ಬಂತು ಅಂತ ಹುಡುಕುತ್ತೀರಲ್ಲ, ಅದು ಲ್ಯಾಬಿನಲ್ಲೂ ಬೇಕಾದ ಗುಣ. ಯಾವ ಸರಕು ಯಾವಾಗ ಜಾಸ್ತಿ ಹೋಗುತ್ತದೆ ಅಂತ ಒಂದು ಶೀಟಿನಲ್ಲಿ ಬರೆದಿಟ್ಟು ಗ್ರಾಫ್ ಹಾಕಿ ನೋಡಿ. ಮಾಲೀಕರಿಗೆ ತೋರಿಸಿದರೆ ಅವರಿಗೂ ಉಪಯೋಗ, ನಿಮಗೂ ಬರೆದುಕೊಳ್ಳಲು ಒಂದು ಸಾಲು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ಇದ್ದೇ ಇರುತ್ತದೆ. ಮಾಲೀಕರನ್ನು ಕೇಳಿ ಒಂದು ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಮನೆಯಿಂದಲೇ ಡೇಟಾ ಎಂಟ್ರಿ ಕೆಲಸ ಅಂತ ಮೆಸೇಜ್ ಬಂತು. ರಿಜಿಸ್ಟ್ರೇಷನ್ ಫೀಸ್ ಕಟ್ಟಬೇಕಂತೆ, ಮೊದಲ ಸಂಬಳದ ಜೊತೆ ವಾಪಸ್ ಕೊಡುತ್ತಾರಂತೆ. ಕಟ್ಟಲಾ?
— ಪಿಯುಸಿ ವಿದ್ಯಾರ್ಥಿ

ಉತ್ತರ: ಕಟ್ಟಬೇಡಿ. ಕೆಲಸ ಕೊಡುವವರು ದುಡ್ಡು ಕೊಡಬೇಕು, ಕೇಳಬಾರದು. ವಿಡಿಯೋಗೆ ಲೈಕ್ ಒತ್ತಿದರೆ ದುಡ್ಡು ಅನ್ನುವುದೂ ಇದೇ ಜಾತಿ. ನಂಬಿಕೆ ಬರಲಿ ಅಂತ ಮೊದಲು ಸ್ವಲ್ಪ ಹಣ ನಿಜವಾಗಿಯೂ ಹಾಕುತ್ತಾರೆ, ಆಮೇಲೆ ದೊಡ್ಡ ‘ಟಾಸ್ಕ್’ಗೆ ಡೆಪಾಸಿಟ್ ಕೇಳುತ್ತಾರೆ. ಇನ್ನೂ ಅಪಾಯದ್ದೊಂದಿದೆ: ನಿಮ್ಮ ಬ್ಯಾಂಕ್ ಖಾತೆಗೆ ಬಂದ ಹಣವನ್ನು ಬೇರೆಯವರಿಗೆ ಕಳಿಸಿದರೆ ಕಮಿಷನ್ ಅನ್ನುತ್ತಾರೆ. ಅದು ಕದ್ದ ಹಣ ಆಗಿರುತ್ತದೆ, ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಈಗಾಗಲೇ ಕಟ್ಟಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ. ಮೆಸೇಜ್‌ಗಳನ್ನು ಅಳಿಸದೆ ಇವತ್ತೇ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ.

ಪ್ರಶ್ನೆ: ರಜೆಗೆ ಅಂತ ಸೇರಿದ ಕಡೆ ‘ನಾಲ್ಕು ಗಂಟೆ ಕೆಲಸ’ ಅಂದಿದ್ದರು. ಈಗ ದಿನಾ ಏಳು ಗಂಟೆ ಆಗುತ್ತಿದೆ. ಮೊದಲ ವಾರವನ್ನು ಟ್ರೈನಿಂಗ್ ಅಂತ ಹೇಳಿ ಸಂಬಳವನ್ನೂ ಕೊಟ್ಟಿಲ್ಲ. ಕೇಳಿದರೆ ಕೆಲಸದಿಂದ ತೆಗೆದರೆ ಅಂತ ಭಯ.
— ಹೆಸರು ಬೇಡ

ಉತ್ತರ: ನೀವು ಕೇಳುತ್ತಿರುವುದು ನೀವು ದುಡಿದದ್ದನ್ನು. ಕೇಳಲೇಬೇಕು. ಇವತ್ತಿನಿಂದ ಒಂದು ಚಿಕ್ಕ ಪುಸ್ತಕದಲ್ಲಿ ದಿನಾಂಕ, ಹೋದ ಹೊತ್ತು, ಬಂದ ಹೊತ್ತು ಬರೆಯಿರಿ. ನೆನಪಿದ್ದಷ್ಟು ಹಿಂದಿನದನ್ನೂ ಸೇರಿಸಿ. ಆಮೇಲೆ ಮಾಲೀಕರಿಗೆ ಮೆಸೇಜ್ ಕಳಿಸಿ, ಬಾಯಲ್ಲಿ ಹೇಳುವುದಕ್ಕಿಂತ ಬರಹ ಉಳಿಯುತ್ತದೆ: ‘ಸರ್, ಸೇರುವಾಗ ದಿನಕ್ಕೆ ನಾಲ್ಕು ಗಂಟೆ ಅಂತ ಮಾತಾಗಿತ್ತು. ಈಗ ಏಳು ಗಂಟೆ ಆಗುತ್ತಿದೆ. ಹೆಚ್ಚಿನ ಗಂಟೆಗಳ ಮತ್ತು ಮೊದಲ ವಾರದ ಸಂಬಳ ಯಾವಾಗ ಸಿಗುತ್ತದೆ ಅಂತ ದಯವಿಟ್ಟು ತಿಳಿಸಿ.’ ಇಷ್ಟೇ ಸಾಕು. ಜಗಳದ ದನಿ ಬೇಡ, ಅಂಗಲಾಚುವ ದನಿಯೂ ಬೇಡ. ಉತ್ತರ ಬರದಿದ್ದರೆ ಆ ಪುಸ್ತಕ ಹಿಡಿದು ಕಾರ್ಮಿಕ ಇಲಾಖೆಯಲ್ಲಿ ದೂರು ಕೊಡಬಹುದು. ಇದಕ್ಕಾಗಿ ಕೆಲಸದಿಂದ ತೆಗೆದರೆ ಅಂಥ ಕೆಲಸ ಹೋದದ್ದೇ ಒಳ್ಳೆಯದು. ರಜೆಯ ಕೆಲಸಕ್ಕೆ ಇಷ್ಟೊಂದು ಹೆದರಬಾರದು.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ನಾನೂ ಕೆಲಸಕ್ಕೆ ಸೇರಬಹುದಾ?
— ಶಾಲಾ ವಿದ್ಯಾರ್ಥಿ

ಉತ್ತರ: ಇನ್ನೂ ಬೇಡ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಡಂಬಡಿಕೆ ಕೆಲಸಕ್ಕೆ ಸೇರುವ ಕನಿಷ್ಠ ವಯಸ್ಸನ್ನು ಸಾಮಾನ್ಯವಾಗಿ 15 ಅಂತ ಇಟ್ಟಿದೆ, ಅಪಾಯದ ಕೆಲಸಕ್ಕೆ 18. ದೇಶದಿಂದ ದೇಶಕ್ಕೆ ಕಾನೂನಿನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಕೈಖರ್ಚಿಗೆ ಬೇಕಿದ್ದರೆ ಮನೆಯವರನ್ನು ಕೇಳಿ. ದುಡಿಯಲು ಮುಂದೆ ಬೇಕಾದಷ್ಟು ವರ್ಷಗಳಿವೆ, ಈ ರಜೆ ಪೂರ್ತಿ ಆಡಿ.

ಪ್ರಶ್ನೆ: ನಮ್ಮ ಮಗನಿಗೆ 17 ವರ್ಷ. ರಜೆ ಶುರುವಾದಾಗಿನಿಂದ ರಾತ್ರಿ ಮೂರರವರೆಗೆ ಎಚ್ಚರ, ಎದ್ದೇಳುವುದು ಮಧ್ಯಾಹ್ನ. ಬೈದು ಬೈದು ನನಗೂ ಸಾಕಾಗಿದೆ. ಮುಂದಿನ ವಾರದಿಂದ ಬೆಳಗಿನ ಪಾಳಿಯ ಕೆಲಸ ಬೇರೆ ಒಪ್ಪಿಕೊಂಡಿದ್ದಾನೆ. ಏನು ಮಾಡಲಿ?
— ಒಬ್ಬ ತಾಯಿ

ಉತ್ತರ: ಅಮ್ಮಾ, ಇದು ಪೂರ್ತಿ ಸೋಮಾರಿತನ ಅಲ್ಲ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಬೇಗ ಮಲಗು ಅಂದರೂ ಅವನಿಗೆ ನಿದ್ದೆ ಹತ್ತುವುದಿಲ್ಲ. ಅದರ ಮೇಲೆ ಫೋನಿನ ಬೆಳಕು ಸೇರಿದರೆ ಇನ್ನೂ ತಡ. ಹಾಗಂತ ಅವನಿಗೆ ನಿದ್ದೆ ಕಮ್ಮಿ ಸಾಕು ಅಂತಲ್ಲ, 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಮಲಗುವ ಹೊತ್ತಿನ ಜೊತೆ ಗುದ್ದಾಡುವುದು ಬಿಟ್ಟು ಏಳುವ ಹೊತ್ತನ್ನು ಹಿಡಿಯಿರಿ. ಇವತ್ತು ಹನ್ನೆರಡಕ್ಕೆ ಎದ್ದರೆ ನಾಳೆ ಹನ್ನೊಂದೂವರೆ, ನಾಡಿದ್ದು ಹನ್ನೊಂದು. ಎದ್ದ ತಕ್ಷಣ ಕಿಟಕಿ ಪರದೆ ಸರಿಸಿ, ಸಾಧ್ಯವಾದರೆ ಬಿಸಿಲಿಗೆ ಕಳಿಸಿ. ಬೆಳಗಿನ ಬೆಳಕು ಮೈಯೊಳಗಿನ ಗಡಿಯಾರವನ್ನು ಬೇಗ ಮಲಗಿ ಬೇಗ ಏಳುವ ಕಡೆಗೆ ಎಳೆಯುತ್ತದೆ. ಮಧ್ಯಾಹ್ನದ ನಿದ್ದೆ ಬೇಡವೇ ಬೇಡ. ಕೆಲಸ ಮುಂದಿನ ವಾರವೇ ಅಂದಿದ್ದೀರಿ, ಅಷ್ಟರಲ್ಲಿ ಪೂರ್ತಿ ಸರಿಹೋಗುವುದು ಕಷ್ಟ. ಮೊದಲ ಕೆಲವು ದಿನ ತೂಕಡಿಸಿಕೊಂಡೇ ಹೋಗುತ್ತಾನೆ, ಹೋಗಲಿ. ಎಬ್ಬಿಸುವ ಕೆಲಸವನ್ನು ಮಾತ್ರ ನೀವು ವಹಿಸಿಕೊಳ್ಳಬೇಡಿ, ಅಲಾರಂ ಅವನೇ ಇಟ್ಟುಕೊಳ್ಳಲಿ.

ಪ್ರಶ್ನೆ: ಕಾಲೇಜು ತೆರೆಯಲು ಮೂರೇ ವಾರ ಇದೆ. ಕೆಲಸಕ್ಕೂ ಹೋಗಲಿಲ್ಲ, ಏನೂ ಕಲಿಯಲೂ ಇಲ್ಲ. ಗೆಳೆಯರೆಲ್ಲ ಏನು ಮಾಡಿದೆ ಅಂತ ಕೇಳಿದರೆ ಏನು ಹೇಳಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ವರ್ಷಪೂರ್ತಿ ಅಸೈನ್‌ಮೆಂಟು, ಇಂಟರ್ನಲ್ಸು, ಪರೀಕ್ಷೆ ಅಂತ ಓಡಿದ ಮೇಲೆ ಕೆಲವು ವಾರ ಮೈಚೆಲ್ಲಿ ಮಲಗಿದ್ದಕ್ಕೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ‘ಮನೆಯಲ್ಲಿದ್ದೆ, ರೆಸ್ಟ್ ತಗೊಂಡೆ’ ಅಂತ ಹೇಳಿ. ಅದು ನಿಜವೂ ಹೌದು. ಆದರೆ ನಿಮಗೇ ಕಸಿವಿಸಿ ಆಗುತ್ತಿದ್ದರೆ ಮೂರು ವಾರ ಕಮ್ಮಿಯೇನಲ್ಲ. ಇಷ್ಟು ದಿನಕ್ಕೆ ಯಾರೂ ತಿಂಗಳ ಕೆಲಸ ಕೊಡುವುದಿಲ್ಲ, ಅದನ್ನು ಹುಡುಕುತ್ತಾ ಕೂರಬೇಡಿ. ಸಮಾರಂಭಗಳಲ್ಲಿ ಒಂದೆರಡು ದಿನಕ್ಕೆ ಕೈಯಾಳು ಬೇಕಿರುತ್ತದೆ, ಅಂಗಡಿಗಳಲ್ಲಿ ಸ್ಟಾಕ್ ಎಣಿಸಲು ಜನ ಬೇಕಿರುತ್ತದೆ, ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಡುವವರು ಬೇಕಿರುತ್ತದೆ. ನಾಳೆ ನಾಲ್ಕು ಕಡೆ ಹೋಗಿ ಕೇಳಿ, ಫೋನ್ ಮಾಡುವುದಕ್ಕಿಂತ ನೇರ ಹೋಗುವುದೇ ಮೇಲು. ಹವ್ಯಾಸಕ್ಕೂ ಹೊಸದೇನೂ ಬೇಡ. ನೀವು ಹಿಂದೆ ಅರ್ಧಕ್ಕೆ ಬಿಟ್ಟದ್ದು ಏನಾದರೂ ಮನೆಯಲ್ಲಿ ಇದ್ದೇ ಇರುತ್ತದೆ, ಓದಿ ನಿಲ್ಲಿಸಿದ ಪುಸ್ತಕವೋ, ಬಿಚ್ಚಿಟ್ಟ ಸೈಕಲ್ಲೋ. ಅದನ್ನು ಮುಗಿಸಿ. ಕೊನೆಯ ವಾರ ಬೇರೇನೂ ಆಗದಿದ್ದರೂ ಕಾಲೇಜಿನ ಟೈಮಿಗೆ ಏಳುವುದನ್ನು ಶುರು ಮಾಡಿ, ಮೊದಲ ದಿನದ ಕ್ಲಾಸಿನಲ್ಲಿ ನಿದ್ದೆ ಬರುವುದಿಲ್ಲ.